ಮೈಕು ತೆಗೆದ ಮೇಲೆ ಕೇಳಿಸಿದ ಕುಮಾರವ್ಯಾಸ

ಶಿವಮೊಗ್ಗದವರಿಗೆ ಗಮಕಕ್ಕೇನು ಬರ, ಪಕ್ಕದಲ್ಲೇ ಹೊಸಹಳ್ಳಿ ಇದೆಯಲ್ಲ ಎಂದು ಹೊರಗಿನವರು ಕೇಳುತ್ತಾರೆ. ಹೊಸಹಳ್ಳಿಯಲ್ಲಿ ಗಮಕ, ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ಓದುವ ಕಲೆ, ಮನೆಮಾತು, ಒಪ್ಪುತ್ತೇನೆ. ಆದರೆ ನಮ್ಮ ಬಡಾವಣೆಯಲ್ಲಿ 2018ರಲ್ಲಿ ವಾರಕ್ಕೊಂದು ಸಂಜೆ ಕುಮಾರವ್ಯಾಸ ಭಾರತದ ಆದಿಪರ್ವದ ವಾಚನ ಆರಂಭಿಸಿದಾಗ, ಐದನೆಯ ವಾರಕ್ಕೆ ಉಳಿದವರು ಏಳು ಜನ. ಅದರಲ್ಲಿ ಒಬ್ಬ ಮೈಕಿನವನು, ಒಬ್ಬಳು ನನ್ನ ಹೆಂಡತಿ.

ಆ ವರ್ಷದ ಖರ್ಚು ಈಗಲೂ ಹೊಟ್ಟೆ ಉರಿಸುತ್ತದೆ. ಪ್ರತಿ ಸಂಜೆ ಸಭಾಂಗಣಕ್ಕೆ ಎಂಟುನೂರು, ಧ್ವನಿವರ್ಧಕಕ್ಕೆ ಸಾವಿರದ ಐನೂರು, ಶಾಲು-ಹಾರ-ಫಲಕಕ್ಕೆ ಆರುನೂರು. ವಾಚನಕಾರರಿಗೆ ಕೊಟ್ಟದ್ದು ಮಾತ್ರ ಬಸ್ಸಿನ ದುಡ್ಡು. ಹೀಗೇ ಮೂವತ್ತೆಂಟು ಸಾವಿರದಷ್ಟು ಕೈಯಿಂದ ಹೋಯಿತು. ಪ್ರಾರ್ಥನೆ, ಸ್ವಾಗತ, ಅಧ್ಯಕ್ಷರ ಮಾತು ಮುಗಿಯುವಷ್ಟರಲ್ಲಿ ಏಳೂವರೆ; ಆಮೇಲೆ ಹನ್ನೆರಡು ಪದ್ಯ. ಹಿರಿಯ ಮಿತ್ರರೊಬ್ಬರು ಎಲ್ಲರೆದುರೇ "ಉತ್ತರನ ಪೌರುಷ ಒಲೆಯ ಮುಂದೆ" ಎಂದು ನಕ್ಕರು. ಅದನ್ನು ಮರೆತಿಲ್ಲ, ಮುಂದೆ ಹೇಳುತ್ತೇನೆ.

ಕೊರೊನಾ ಬಂದು ಎಲ್ಲ ನಿಂತಿತು. ಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ಹತ್ತು ಪರ್ವ, ಎಂಟು ಸಾವಿರಕ್ಕೂ ಹೆಚ್ಚು ಪದ್ಯ. ವಾರಕ್ಕೆ ಹದಿನೈದರಂತೆ ಓದಿದರೆ ಹತ್ತು ವರ್ಷ ದಾಟುತ್ತದೆ. ನಮ್ಮ ಶ್ರೋತೃಗಳ ವಯಸ್ಸು ನೋಡಿದರೆ ಅದು ಆಗುವ ಮಾತಲ್ಲ. ವಾರಕ್ಕೆ ನಲವತ್ತು ಪದ್ಯವಾದರೆ ನಾಲ್ಕು ವರ್ಷದ ಆಸುಪಾಸು. ಹಾಗೆ ಓದಬೇಕಾದರೆ ವ್ಯಾಖ್ಯಾನ ಕುಗ್ಗಬೇಕು, ಭಾಷಣವಂತೂ ಇರಲೇಬಾರದು.

2021ರ ಕೊನೆಯಲ್ಲಿ ಮತ್ತೆ ಕೈಹಾಕಿದಾಗ ಮಾಡಿದ್ದು ಇಷ್ಟು: ವೇದಿಕೆ ಬಿಟ್ಟು ಮನೆಗಳ ಜಗಲಿಗೆ ಬಂದೆವು. ಸರದಿಯಂತೆ ಒಂದೊಂದು ಶನಿವಾರ ಒಂದೊಂದು ಮನೆ. ಮೈಕಿಲ್ಲ, ಶ್ರುತಿಪೆಟ್ಟಿಗೆ ಮಾತ್ರ. ಆದಿಪರ್ವದಿಂದಲೇ ಹೊರಡಬೇಕೆಂಬ ಹಟ ಬಿಟ್ಟು ಸಭಾಪರ್ವ ತೆಗೆದುಕೊಂಡೆವು. ಎಲ್ಲಕ್ಕಿಂತ ಮುಖ್ಯವಾಗಿ, ಆ ದಿನದ ಪದ್ಯಗಳನ್ನು ದಪ್ಪ ಅಕ್ಷರದಲ್ಲಿ, ಪದ ಬಿಡಿಸಿ ಅಚ್ಚುಹಾಕಿ ಎಲ್ಲರ ಕೈಗೆ ಕೊಟ್ಟೆವು.

ಇದಕ್ಕೇ ಹೆಚ್ಚು ವಿರೋಧ ಬಂದದ್ದು. ಗಮಕ ಕಿವಿಯ ಕಲೆ, ಕೈಯಲ್ಲಿ ಹಾಳೆ ಇದ್ದರೆ ಕಣ್ಣು ಕಿವಿಯನ್ನು ನುಂಗುತ್ತದೆ ಎಂದರು ಬಲ್ಲವರು. ಆ ಮಾತು ಸುಳ್ಳಲ್ಲ. ಮೊದಲ ತಿಂಗಳು ಎಲ್ಲರೂ ತಲೆ ತಗ್ಗಿಸಿ, ಪರೀಕ್ಷೆಗೆ ಕುಳಿತವರಂತೆ ಹಾಳೆ ನೋಡುತ್ತಿದ್ದರು, ವಾಚನಕಾರರಿಗೆ ಬೇಸರವಾಯಿತು. ಆಮೇಲೆ ಒಂದು ಉಪಾಯ ಮಾಡಿದೆವು. ಹಾಳೆ ಹಂಚುವುದು ಅರ್ಧ ಗಂಟೆ ಮೊದಲು. ಕಾಫಿ ಕುಡಿಯುತ್ತ ನೆರೆದವರೇ ಒಬ್ಬೊಬ್ಬರು ಒಂದೊಂದು ಪದ್ಯವನ್ನು ಗದ್ಯದಂತೆ ಗಟ್ಟಿಯಾಗಿ ಓದುವುದು, ತಡವರಿಸಿದರೂ ಸರಿ. ವಾಚನ ಶುರುವಾಗುವಾಗ ಹಾಳೆ ಮಡಿಚಿ ತೊಡೆಯ ಕೆಳಗೆ. ತಾವು ಎಡವಿದ ಪದವನ್ನೇ ಗಮಕಿ ಮೋಹನ ರಾಗದಲ್ಲಿ ಹಗುರವಾಗಿ ದಾಟಿಸಿದಾಗ ಅವರ ಮುಖ ನೋಡಬೇಕು.

ಪದ ಬಿಡಿಸುವ ಕೆಲಸ ನಿವೃತ್ತ ಶಿಕ್ಷಕಿಯೊಬ್ಬರದು. ವಾರಕ್ಕೆ ಎರಡು ರಾತ್ರಿ ಕೂರುತ್ತಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಬಿಡಿಸಿದರೆ ಛಂದಸ್ಸು ಮುರಿಯುತ್ತದಲ್ಲ ಎಂದು ಕೇಳುವವರಿಗೆ ಅವರದೊಂದು ಗುರುತಿನ ಪದ್ಧತಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಹಾಳೆ ನೋಡಿ. ಚಾಪೆ ಹಾಸುವುದು, ಚಪ್ಪಲಿ ಸಾಲು ಮಾಡುವುದು ಎದುರು ಮನೆಯ ಇಬ್ಬರು ಹುಡುಗರ ಕೆಲಸ. ಅವರನ್ನು ಹಿಡಿದು ತಂದದ್ದು ವೇದಪುರುಷನಿಂದ ಹೊರಟು ನೆಂಟಸ್ತಿಕೆಯ ಗಂಟು ಬಿಚ್ಚುತ್ತ ಕೃಷ್ಣನ ಬಳಿ ನಿಲ್ಲುವ ಕುಮಾರವ್ಯಾಸನ ಆ ಒಗಟಿನ ಪದ್ಯ. ಬಿಡಿಸಿದವರಿಗೆ ಐವತ್ತು ರೂಪಾಯಿ ಎಂದಿದ್ದೆ. ಮೂರು ವಾರ ತೆಗೆದುಕೊಂಡರು, ಬಿಡಿಸಿದರು.

ಈಗ ತಿಂಗಳಿಗೆ ಜೆರಾಕ್ಸಿಗೆ ಏಳುನೂರು, ಹಾಲು-ಕಾಫಿಪುಡಿಗೆ ಅಷ್ಟೇ. ಚಪ್ಪಲಿ ಬಿಡುವಲ್ಲಿ ಒಂದು ಸ್ಟೀಲ್ ತಂಬಿಗೆ ಇಡುತ್ತೇವೆ, ಯಾರೂ ಅದರ ಸುದ್ದಿ ಎತ್ತುವುದಿಲ್ಲ. ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಬೀಳುತ್ತದೆ. ಮಿಕ್ಕಿದ್ದೆಲ್ಲ ವಾಚನಕಾರರಿಗೆ. ಶಾಲು ಹೊದಿಸಿದ ಕಾಲದಲ್ಲಿ ಅವರಿಗೆ ಇಷ್ಟು ಸಿಕ್ಕಿರಲಿಲ್ಲ.

2022ರಲ್ಲಿ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ ಪದ್ಮಶ್ರೀ ಬಂತು. ಮರುವಾರ ನಮ್ಮ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ವಾರ ಕಳೆದ ಮೇಲೆ ಮತ್ತೆ ಮೂವತ್ತು ಜನ. ಈ ಮೂವತ್ತು ಮಾತ್ರ ಅಂದಿನಿಂದ ಕರಗಿಲ್ಲ.

ನಡುವೆ ಕೆಲವು ಹುಚ್ಚಾಟಗಳೂ ಆದವು. ರುಚಿ ಬದಲಿಸೋಣವೆಂದು ಲಕ್ಷ್ಮೀಶನ ಜೈಮಿನಿ ಭಾರತ ಹಿಡಿದೆವು. ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ಒಗ್ಗಿದ ಕಿವಿ ಅದರ ವಾರ್ಧಕ ಷಟ್ಪದಿಯ ಉದ್ದಕ್ಕೆ ಒಗ್ಗಲಿಲ್ಲ, ಅಥವಾ ನಾವೇ ಆತುರ ಮಾಡಿದೆವು. ವಾಚನವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳಿಸಿದ್ದು ದೊಡ್ಡ ತಪ್ಪು: ಮನೆಯಲ್ಲೇ ಕೇಳಿದರಾಯಿತು ಎಂದು ಆರೇಳು ಜನ ಬರುವುದನ್ನೇ ಬಿಟ್ಟರು, ಅಲ್ಲೂ ಕೇಳಲಿಲ್ಲ. ಮೂರನೆಯ ವಾರಕ್ಕೆ ನಿಲ್ಲಿಸಿದೆ. ನಾಲ್ಕನೆಯ ಶನಿವಾರ ಸಣ್ಣಕತೆ ಓದುವ ಪ್ರಯೋಗ ಮಾತ್ರ ಇನ್ನೂ ಕುಂಟುತ್ತ ನಡೆದಿದೆ.

2023ರ ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತಲ್ಲ, ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆಂಬ ನಂಬಿಕೆಯಿಂದ ಆಗ ಅದನ್ನು ಓದಿಸಿ ಎಂದು ಗುರುತಿಲ್ಲದವರೂ ಬಂದು ಕೇಳಿದರು. ಹೇಗೂ ಅದರ ಸರದಿಯೇ ಬಂದಿತ್ತು. ಮಳೆಗಾಗಿ ಬಂದವರು ಕೀಚಕನಿಗಾಗಿ ಉಳಿದರು. ಎಲ್ಲಿ ನಿಲ್ಲಿಸಿದರೆ ಜನ ಮುಂದಿನ ವಾರ ತಪ್ಪದೆ ಬರುತ್ತಾರೆ ಎಂಬುದನ್ನು ನಾನು ಒಂದು ತಿಂಗಳು ಮೊದಲೇ ಗುರುತು ಹಾಕಿಕೊಂಡಿರುತ್ತೇನೆ. ಅದರ ಗುಟ್ಟು ನನ್ನಲ್ಲೇ ಇರಲಿ. ಪರ್ವ ಮುಗಿದರೂ ಮಳೆ ಬರಲಿಲ್ಲ. ಸರ್ಕಾರ ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತು. ನನ್ನನ್ನು ಯಾರೂ ಬೈಯಲಿಲ್ಲ.

ಉತ್ತರಕುಮಾರ ಅಂತಃಪುರದ ಹೆಂಗಸರ ಮುಂದೆ ಕೊಚ್ಚಿಕೊಳ್ಳುವ ಪ್ರಸಂಗದ ದಿನ ಆ ಹಿರಿಯ ಮಿತ್ರರ ಮನೆಗೆ ನಾನೇ ಹೋಗಿ ಕರೆದುಕೊಂಡು ಬಂದೆ. ಮುಂದಿನ ಸಾಲಿನಲ್ಲೇ ಕೂರಿಸಿ, ಆ ಪದ್ಯಗಳಿದ್ದ ಹಾಳೆ ಕೈಗಿತ್ತು ಗಟ್ಟಿಯಾಗಿ ಓದಿ ಎಂದೆ. ಚೆನ್ನಾಗಿ ಓದಿದರು ಕಣ್ರೀ, ನನಗಿಂತ ಚೆನ್ನಾಗಿ. ಈಗ ಉದ್ಯೋಗಪರ್ವದಲ್ಲಿದ್ದೇವೆ. ಬರುವ ಶನಿವಾರ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುತ್ತಾನೆ. ಜಗಲಿ ಆ ಮಿತ್ರರ ಮನೆಯದು.