ಸೊನ್ನೆಯೇ ಬೇರೆ, ಅಡ್ಡಗೆರೆಯೇ ಬೇರೆ: ಯುದ್ಧಕಾಲದ ಸ್ಕೋರುಗಳನ್ನು ನಾನು ಓದಿದ ಬಗೆ

ಹಳೆಯ ಕ್ರಿಕೆಟ್ ಅಂಕಿ-ಅಂಶ ಕಲೆಹಾಕುವುದು ನನ್ನ ಬಹುಕಾಲದ ಹವ್ಯಾಸ. ಎರಡನೇ ಮಹಾಯುದ್ಧದ ಆಸುಪಾಸಿನ, 1939ರಿಂದ 1946ರವರೆಗಿನ ಪಟ್ಟಿ ಮಾಡಲು ಕುಳಿತಾಗ ಸರಾಸರಿಯ ಅಂಕಣವನ್ನು ಬದಿಗಿಟ್ಟು, ಷರಾ ಬರೆಯುವ ಅಂಕಣವನ್ನು ದುಪ್ಪಟ್ಟು ಅಗಲ ಮಾಡಿಕೊಂಡೆ. ಆ ವರ್ಷಗಳಲ್ಲಿ ಅಂಕಿಗಿಂತ ಅದರ ಪಕ್ಕದ ಕಾರಣವೇ ಮುಖ್ಯ.

ಇಂಗ್ಲೆಂಡಿನ ಕೌಂಟಿ ಚಾಂಪಿಯನ್‌ಷಿಪ್ 1940ರಿಂದ 1945ರವರೆಗೆ ನಡೆಯಲಿಲ್ಲ. ಆಸ್ಟ್ರೇಲಿಯದ ರಾಜ್ಯ ತಂಡಗಳ ಪಂದ್ಯಾವಳಿ ಷೆಫೀಲ್ಡ್ ಷೀಲ್ಡ್ 1939-40ರ ನಂತರ ನಿಂತು, 1946-47ರಲ್ಲಿ ಮತ್ತೆ ಶುರುವಾಯಿತು. ಇಂಥ ಕಡೆಗಳಲ್ಲಿ ನಾನು ಹಾಕುವುದು ಅಡ್ಡಗೆರೆ. ಆಡಿ ಔಟಾದವನಿಗೆ ಸೊನ್ನೆ, ಆಡಲು ಪಂದ್ಯವೇ ಇಲ್ಲದವನಿಗೆ ಗೆರೆ. ಕಂಪ್ಯೂಟರಿನ ಖಾಲಿ ಜಾಗಗಳಲ್ಲೆಲ್ಲ ಅಭ್ಯಾಸಬಲದಿಂದ ಸೊನ್ನೆ ತುಂಬುವವರಿದ್ದಾರೆ. ಅವರ ಕೈಗೆ ಸಿಕ್ಕರೆ ಇಂಗ್ಲೆಂಡಿನ ಬ್ಯಾಟ್ಸ್‌ಮನ್ ಲೆನ್ ಹಟನ್ ಅವರಂಥವರ ದಾಖಲೆಯೂ ಹಳ್ಳ ಹಿಡಿಯುತ್ತದೆ. 1938ರಲ್ಲಿ ಓವಲ್‌ನಲ್ಲಿ 364 ರನ್ ಹೊಡೆದ ಹಟನ್, 1941ರಲ್ಲಿ ಸೇನಾ ತರಬೇತಿಯ ವೇಳೆ ವ್ಯಾಯಾಮಶಾಲೆಯಲ್ಲಿ ಬಿದ್ದು ಎಡಗೈ ಮುರಿದುಕೊಂಡರು. ಶಸ್ತ್ರಚಿಕಿತ್ಸೆಗಳಾದ ಮೇಲೆ ಆ ಕೈ ಬಲಗೈಗಿಂತ ಗಿಡ್ಡವಾಗಿಯೇ ಉಳಿಯಿತು. ಇದೆಲ್ಲ ಷರಾಕ್ಕೆ ಹೋಗಬೇಕಾದ ಸಂಗತಿ.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಆಸ್ಟ್ರೇಲಿಯದ ಬ್ಯಾಟ್ಸ್‌ಮನ್ ಡಾನ್ ಬ್ರಾಡ್‌ಮನ್ ಅವರ 1940-41ರ ಸಾಲು: 0, 6, 0, 12. ನಾಲ್ಕು ಇನ್ನಿಂಗ್ಸ್, 18 ರನ್, ಸರಾಸರಿ 4.50. ಹಿಂದಿನ ಋತುವಿನಲ್ಲಷ್ಟೇ ಇದೇ ಮನುಷ್ಯ 122.91ರ ಸರಾಸರಿಯಲ್ಲಿ 1,475 ರನ್ ಗಳಿಸಿದ್ದರು. ಇಲ್ಲಿ ಗೆರೆ ಹಾಕುವಂತಿಲ್ಲ, ಆಡಿದ್ದಾರೆ. ಸುಮ್ಮನೆ ಲಯ ತಪ್ಪಿತ್ತು ಎಂದು ಬರೆಯುವುದೂ ಅನ್ಯಾಯ. 1940ರಲ್ಲಿ ವಾಯುಪಡೆ ಸೇರಿ, ಅಲ್ಲಿಂದ ಭೂಸೇನೆಗೆ ಬಂದವರಿಗೆ ತಪಾಸಣೆಯಲ್ಲಿ ದೃಷ್ಟಿದೋಷ ಕಂಡುಬಂತು. ಜೊತೆಗೆ ಸ್ನಾಯುನೋವು ಎಷ್ಟೆಂದರೆ ಸ್ವಂತ ಗಡ್ಡ ಹೆರೆದುಕೊಳ್ಳಲೂ ಕೈ ಮೇಲೇಳುತ್ತಿರಲಿಲ್ಲ. 1941ರ ಜೂನ್‌ನಲ್ಲಿ ಸೇನೆ ಅವರನ್ನು ಮನೆಗೆ ಕಳಿಸಿತು.

ಆಟಗಾರರ ಹೊಟ್ಟೆಪಾಡಿನ ಕಸುಬನ್ನೂ ಪಕ್ಕದಲ್ಲೇ ಬರೆದುಕೊಳ್ಳುವುದು ನನ್ನ ರೂಢಿ. ಬ್ರಾಡ್‌ಮನ್ ಅಡಿಲೇಡ್‌ಗೆ ಬಂದದ್ದು ಹ್ಯಾರಿ ಹಾಡ್ಜೆಟ್ಸ್ ಎಂಬ ಷೇರು ದಲ್ಲಾಳಿಯ ಕಚೇರಿಯ ನೌಕರಿಗಾಗಿ. 1945ರಲ್ಲಿ ಆ ಸಂಸ್ಥೆ ದಿವಾಳಿಯೆದ್ದಿತು, ವಂಚನೆಗಾಗಿ ಯಜಮಾನ ಜೈಲಿಗೆ ಹೋದ. ಬ್ರಾಡ್‌ಮನ್ ತಮ್ಮ ಹೆಸರಿನಲ್ಲೇ ಹೊಸ ಕಚೇರಿ ತೆರೆಯಬೇಕಾಯಿತು. ಮೈ ಕೈಕೊಟ್ಟಿದೆ, ಕೆಲಸವೂ ಹೋಗಿದೆ. ಅಂಥವರು 1946-47ರಲ್ಲಿ ಬ್ರಿಸ್ಬೇನ್‌ನಲ್ಲಿ 187, ಸಿಡ್ನಿಯಲ್ಲಿ 234 ಹೊಡೆದರು. ದಿವಾಳಿಯ ಸಾಲನ್ನು ಪಟ್ಟಿಯಿಂದ ತೆಗೆದರೆ ಆ ಎರಡು ಅಂಕಿಗಳ ತೂಕ ಅರ್ಧ ಇಳಿದುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆಯ ಕಥೆ ತಿರುವುಮುರುವು. ರಣಜಿ ಟ್ರೋಫಿ ಯುದ್ಧದುದ್ದಕ್ಕೂ ನಡೆಯಿತು, ರನ್ನುಗಳ ಹೊಳೆಯೇ ಹರಿಯಿತು. 1943-44ರಲ್ಲಿ ವಿಜಯ್ ಮರ್ಚೆಂಟ್ ಔಟಾಗದೆ 359. ಯುದ್ಧ ಮುಗಿದ ಮೊದಲ ಋತುವಿನಲ್ಲಿ, ಇಂದೋರ್‌ನಲ್ಲಿ, ಮೈಸೂರಿನ ವಿರುದ್ಧ ಅಲ್ಲಿನ ಹೋಳ್ಕರ್ ಸಂಸ್ಥಾನದ ತಂಡ 8 ವಿಕೆಟ್‌ಗೆ 912. ಒಂದೇ ಇನ್ನಿಂಗ್ಸ್‌ನಲ್ಲಿ ಆರು ಶತಕ. ನಮ್ಮ ಬಿ.ಕೆ. ಗರುಡಾಚಾರ್ 69 ಓವರ್ ಎಸೆದು, 301 ರನ್ ತೆತ್ತು, 4 ವಿಕೆಟ್ ಕಿತ್ತರು. ಅಷ್ಟಾದ ಮೇಲೂ ಎರಡನೇ ಇನ್ನಿಂಗ್ಸ್‌ನಲ್ಲಿ 164 ಹೊಡೆದರು! ಇಂಥ ಮೊತ್ತಗಳಿಗೆ ಯುದ್ಧವನ್ನು ಹೊಣೆ ಮಾಡಲು ನನಗೆ ಮನಸ್ಸಿಲ್ಲ. ಆಗ ಅದು ಸೋತವರು ಮನೆಗೆ ಹೋಗುವ ಪಂದ್ಯಾವಳಿ, ಮೊದಲ ಇನ್ನಿಂಗ್ಸ್ ಮುನ್ನಡೆಯಿದ್ದರೂ ಸಾಕು ಎಂಬ ನಿಯಮ. ಬ್ಯಾಟ್ ಹಿಡಿದವರು ಯಾಕೆ ಬಿಟ್ಟಾರು?

ಹಾಗಾಗಿ 1941-42ರ ರಣಜಿ ಫೈನಲ್‌ನಲ್ಲಿ ಮೈಸೂರು 68ಕ್ಕೂ 157ಕ್ಕೂ ಉದುರಿದ ಸಾಲಿನ ಪಕ್ಕದಲ್ಲಿ ಯುದ್ಧದ ಮಾತೇ ಇಲ್ಲ. ಷರಾದಲ್ಲಿ ಬರೆದಿರುವುದು ಇಷ್ಟೇ: ಎದುರಾಳಿ ಬೊಂಬಾಯಿ.