ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು ಫ್ರೇಮಿನ ಲೆಕ್ಕ

ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ ಅಣ್ಣ ಎಂದು ಕೇಳುವ ಹುಡುಗರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ನಿನ್ನ ಕಾಂಪ್ ಎಷ್ಟು ದೊಡ್ಡದು, ಎಷ್ಟು ಬಿಟ್‌ನಲ್ಲಿ ಕೆಲಸ ಮಾಡ್ತೀಯ? ಕಾಂಪ್ ಎಂದರೆ ಹಲವು ಪದರಗಳನ್ನು ಸೇರಿಸಿ ಒಂದು ಶಾಟ್ ಕಟ್ಟುವ ಜಾಗ, ಬಿಟ್ ಎಂದರೆ ಪ್ರತಿ ಬಣ್ಣಕ್ಕೆ ಇಡುವ ವಿವರ. ತುಂಬಾ ಜನಕ್ಕೆ ಇದು ಅಡ್ಡಪ್ರಶ್ನೆ ಅನ್ನಿಸುತ್ತದೆ. ಆದರೆ 2024ರ ಕೊನೆಗೆ ನಾನು ಹೊಸ ಮಷೀನ್ ಕಟ್ಟಿಸಿದ್ದು ಪೂರಾ ಈ ಲೆಕ್ಕದ ಮೇಲೆಯೇ.

ನನ್ನ ಕೆಲಸ ಟಿವಿ ಕಾರ್ಯಕ್ರಮಗಳ ಟೈಟಲ್, ಲಿರಿಕಲ್ ವಿಡಿಯೊ, ಜಾಹೀರಾತುಗಳ ಗ್ರೀನ್ ಮ್ಯಾಟ್ ಕೀಯಿಂಗ್ (ಹಸಿರು ಹಿನ್ನೆಲೆ ತೆಗೆಯುವುದು), ಆಗೀಗ ಶಾಟಿನಲ್ಲಿ ಕಾಣುವ ವೈರ್ ಅಳಿಸುವುದು. ಹೆಚ್ಚಿನದು ಆಫ್ಟರ್ ಎಫೆಕ್ಟ್ಸ್‌ನಲ್ಲಿ, ತ್ರೀಡಿ ಬೇಕಾದಾಗ ಬ್ಲೆಂಡರ್. ಅಂಗಡಿಗೆ ಹೋಗುವ ಮೊದಲು ಕೆಲವು ದಿನ ಹಳೆಯ ಮಷೀನಿನಲ್ಲೇ ಟಾಸ್ಕ್ ಮ್ಯಾನೇಜರ್ ಅನ್ನು ಪಕ್ಕದ ಪರದೆಯಲ್ಲಿ ತೆರೆದಿಟ್ಟು ಎಂದಿನ ಕೆಲಸ ಮಾಡಿದೆ. ಕಂಡದ್ದು ಇಷ್ಟು: ಗ್ರಾಫಿಕ್ಸ್ ಕಾರ್ಡ್ ಬಹುಪಾಲು ಹೊತ್ತು ಆರಾಮಾಗಿ ಕೂತಿರುತ್ತದೆ, ರ‍್ಯಾಮ್ ಮಾತ್ರ ಗಂಟಲವರೆಗೆ ತುಂಬಿರುತ್ತದೆ. ಟೈಮ್‌ಲೈನ್ ಮೇಲಿನ ಹಸಿರು ಗೆರೆ ಶಾಟ್ ಮುಗಿಯುವ ಮೊದಲೇ ನಿಂತುಬಿಡುತ್ತಿತ್ತು.

ಆ ಹಸಿರು ಗೆರೆ ಎಂದರೆ ರ‍್ಯಾಮ್‌ನಲ್ಲಿ ಸಿದ್ಧವಾಗಿ ಕೂತ ಫ್ರೇಮುಗಳು. ಅವು ಕಂಪ್ರೆಸ್ ಆಗದೆ, ಇದ್ದ ಹಾಗೇ ಕೂರುತ್ತವೆ. 3840×2160ರ ಒಂದು ಫ್ರೇಮಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್. ಕೆಂಪು, ಹಸಿರು, ನೀಲಿ, ಆಲ್ಫಾ ಸೇರಿ ನಾಲ್ಕು ಚಾನೆಲ್. 8 ಬಿಟ್‌ನಲ್ಲಿ ಒಂದು ಫ್ರೇಮಿಗೆ 33 ಎಂಬಿ, 16 ಬಿಟ್‌ನಲ್ಲಿ 66, 32 ಬಿಟ್‌ನಲ್ಲಿ 133. ಸೆಕೆಂಡಿಗೆ 25 ಫ್ರೇಮಿನಂತೆ 10 ಸೆಕೆಂಡಿನ ಶಾಟ್ ಅಂದರೆ 250 ಫ್ರೇಮ್. 16 ಬಿಟ್‌ನಲ್ಲಿ ಹದಿನಾರೂವರೆ ಜಿಬಿ ಅಲ್ಲಿಗೇ ಹೋಯಿತು. ಇದು ಕೊನೆಯ ಚಿತ್ರದ್ದು ಮಾತ್ರ. ಕಾಂಪಿನ ಒಳಗಿನ ಚಿಕ್ಕ ಕಾಂಪ್‌ಗಳು, ಮೂಲ ಫೂಟೇಜ್, ಪಕ್ಕದಲ್ಲಿ ತೆರೆದಿರುವ ಫೋಟೋಶಾಪ್, ಬ್ರೌಸರಿನ ಟ್ಯಾಬುಗಳು, ಎಲ್ಲಕ್ಕೂ ಜಾಗ ಬೇಕು. ಕ್ಲೈಂಟ್ ಕಳಿಸಿದ ಫೈಲ್ ಚಿಕ್ಕದಿದೆಯಲ್ಲ ಎನ್ನುವ ವಾದ ಇಲ್ಲಿ ನಡೆಯುವುದಿಲ್ಲ. ತೆರೆದ ಮೇಲೆ ಎಲ್ಲ ಫ್ರೇಮಿಗೂ ಒಂದೇ ತೂಕ.

ಹೀಗಾಗಿ 32 ಜಿಬಿಯನ್ನು ಲೆಕ್ಕದಿಂದಲೇ ತೆಗೆದೆ. 4ಕೆ ಕಾಂಪೋಸಿಟಿಂಗಿಗೆ, ಅಂದರೆ ಪದರಗಳನ್ನು ಸೇರಿಸಿ ಶಾಟ್ ಕಟ್ಟುವುದಕ್ಕೆ, 64 ಕನಿಷ್ಠ. ನಾನು ಹಾಕಿಸಿದ್ದು 96 ಜಿಬಿ, 48ರ ಎರಡು ಸ್ಟಿಕ್. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯವರು 16ರ ನಾಲ್ಕು ಹಾಕೋಣ ಸರ್, ಲೈಟಿಂಗೂ ಚೆನ್ನಾಗಿ ಕಾಣುತ್ತೆ ಎಂದರು. ಡಿಡಿಆರ್5ನಲ್ಲಿ ನಾಲ್ಕು ಸ್ಲಾಟೂ ತುಂಬಿದರೆ ವೇಗ ಇಳಿಯುತ್ತದೆ. ರೈಜನ್ 7000 ಸರಣಿಯ ಪ್ರೊಸೆಸರುಗಳಿಗೆ ಎಎಂಡಿಯೇ ಕೊಟ್ಟಿರುವ ಅಂಕಿ ಎರಡು ಸ್ಟಿಕ್ಕಿಗೆ ಸೆಕೆಂಡಿಗೆ 5200 ಮೆಗಾಟ್ರಾನ್ಸ್‌ಫರ್, ನಾಲ್ಕಕ್ಕೆ 3600. ಇಂಟೆಲ್‌ದೂ ಹೆಚ್ಚುಕಡಿಮೆ ಇದೇ ಕಥೆ. ಮೇಲಾಗಿ ಎರಡು ಸ್ಲಾಟ್ ಖಾಲಿ ಉಳಿದರೆ ವೇಗ ಬಿಟ್ಟುಕೊಟ್ಟಾದರೂ ಜಾಗ ಹೆಚ್ಚಿಸಲು ಮುಂದಕ್ಕೊಂದು ದಾರಿಯೂ ಇರುತ್ತದೆ.

ಪ್ರೊಸೆಸರ್ ವಿಷಯಕ್ಕೆ ಬಂದರೆ, ಆಫ್ಟರ್ ಎಫೆಕ್ಟ್ಸ್‌ಗೆ ಹೆಚ್ಚು ಕೋರ್ ದಂಡ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಹಳೆಯ ಮಾತು. 2021ರ ಅಕ್ಟೋಬರ್‌ನಲ್ಲಿ ಮಲ್ಟಿ-ಫ್ರೇಮ್ ರೆಂಡರಿಂಗ್ ಬಂದ ಮೇಲೆ ಕೋರ್‌ಗಳಿಗೆ ನಿಜವಾಗಿ ಕೆಲಸ ಸಿಕ್ಕಿದೆ. ಆದರೆ ಒಟ್ಟಿಗೆ ಎಷ್ಟು ಫ್ರೇಮ್ ರೆಂಡರ್ ಆಗುತ್ತವೋ ಅಷ್ಟಕ್ಕೂ ರ‍್ಯಾಮ್ ಬೇಕು. ರ‍್ಯಾಮ್ ಇಲ್ಲದೆ ಕೋರ್ ಏರಿಸುವುದು ಒಂದೇ ಒಲೆಯ ಮನೆಗೆ ಹತ್ತು ಅಡುಗೆಯವರನ್ನು ಕರೆಸಿದ ಹಾಗೆ.

ನಾನು ಆರಿಸಿದ್ದು ಇಂಟೆಲ್ ಐ7 14700. ಇದಕ್ಕೆ ಕಾರಣ ಕೋರ್ ಅಲ್ಲ, ಕ್ಯಾಮೆರಾ. ನನ್ನ ಹತ್ತಿರ ಬರುವ ಫೂಟೇಜಿನಲ್ಲಿ ಹೆಚ್ಚಿನದು ಸೋನಿ ಮಿರರ್‌ಲೆಸ್ ಕ್ಯಾಮೆರಾಗಳ 10 ಬಿಟ್ 4:2:2 ಎಚ್.265, ಅಂದರೆ ಬಣ್ಣದ ವಿವರ ಹೆಚ್ಚಿಟ್ಟು ಗಟ್ಟಿಯಾಗಿ ಕಂಪ್ರೆಸ್ ಮಾಡಿದ ವಿಡಿಯೊ. ಇದನ್ನು ಬಿಡಿಸಿ ಓಡಿಸುವ ಶಕ್ತಿ ಎನ್‌ವಿಡಿಯಾ ಜೀಫೋರ್ಸ್ ಕಾರ್ಡುಗಳಿಗೆ ಆರ್‌ಟಿಎಕ್ಸ್ 50 ಸರಣಿ ಬರುವವರೆಗೂ ಇರಲಿಲ್ಲ. ಇಂಟೆಲ್ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್‌ಗೆ, ಅಂದರೆ ಕ್ವಿಕ್ ಸಿಂಕ್‌ಗೆ, 11ನೇ ತಲೆಮಾರಿನಿಂದಲೂ ಇದು ಸಲೀಸು. ಇಲ್ಲೊಂದು ಎಚ್ಚರ: ಮಾಡೆಲ್ ನಂಬರಿನ ಕೊನೆಗೆ ‘ಎಫ್’ ಇದ್ದರೆ ಆ ಗ್ರಾಫಿಕ್ಸ್ ಇರುವುದಿಲ್ಲ. ಸ್ವಲ್ಪ ಅಗ್ಗ, ಬೇರೆ ಕಾರ್ಡ್ ಹೇಗೂ ಇದೆಯಲ್ಲ ಎಂದು ಅದನ್ನೇ ಕಟ್ಟಿಕೊಡುತ್ತಾರೆ. 13 ಮತ್ತು 14ನೇ ತಲೆಮಾರಿನ ಚಿಪ್‌ಗಳ ವೋಲ್ಟೇಜ್ ತೊಂದರೆಯನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತ್ತು. ಆ ತಿದ್ದುಪಡಿ ಬರುವುದು ಮದರ್‌ಬೋರ್ಡಿನ ಬಯಾಸ್ ಮೂಲಕ. ಆದ್ದರಿಂದ ಹೊಸ ಬಯಾಸ್ ಹಾಕಿಸಿದ ಮೇಲೆಯೇ ಮಷೀನ್ ಮನೆಗೆ ತಂದೆ.

ಗ್ರಾಫಿಕ್ಸ್ ಕಾರ್ಡ್ ಕೊನೆಗೆ ನೋಡಿದೆ. ಗೇಮ್ ಆಡುವವರು ಆರ್‌ಟಿಎಕ್ಸ್ 4070 ಎನ್ನುತ್ತಾರೆ, ವೇಗದಲ್ಲಿ ಅದೇ ಮುಂದು. ಅದರಲ್ಲಿರುವುದು 12 ಜಿಬಿ ಮೆಮೊರಿ. ನಾನು 16 ಜಿಬಿಯ 4060 ಟಿಐ ತಂದೆ. ಬ್ಲೆಂಡರಿನ ಸೀನ್ ಕಾರ್ಡಿನ ಮೆಮೊರಿಯಲ್ಲಿ ಹಿಡಿಯದಿದ್ದರೆ ರೆಂಡರ್ ತೀರಾ ತೆವಳುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ನಿಧಾನವಾಗಿಯಾದರೂ ಮುಗಿಸುವ ಕಾರ್ಡ್ ನನಗೆ ಸಾಕು. ದಿನವಿಡೀ ತ್ರೀಡಿ ಮಾಡುವವರ ಲೆಕ್ಕ ಬೇರೆ. ಅವರು ಕಾರ್ಡಿಗೇ ದುಡ್ಡು ಸುರಿಯಬೇಕು.

ಡಿಸ್ಕ್ ಮೂರು: ವಿಂಡೋಸ್‌ಗೊಂದು, ಕ್ಯಾಶ್‌ಗೊಂದು (ಸಾಫ್ಟ್‌ವೇರ್ ತಾತ್ಕಾಲಿಕವಾಗಿ ಬರೆದಿಡುವ ಫ್ರೇಮುಗಳಿಗೆ), ಫೂಟೇಜ್‌ಗೊಂದು, ಮೂರೂ ಎನ್‌ವಿಎಂಇ, ಅಂದರೆ ವೇಗದ ಬಗೆಯ ಎಸ್‌ಎಸ್‌ಡಿ. ಸಿನಿಮಾ ಕೆಲಸದಲ್ಲಿ ಬರುವ 4096×2160ರ 10 ಬಿಟ್ ಡಿಪಿಎಕ್ಸ್ (ಫ್ರೇಮಿಗೊಂದು ಫೈಲ್ ಇರುವ, ಕಂಪ್ರೆಸ್ ಆಗದ ಬಗೆ) ಒಂದು ಫ್ರೇಮಿಗೆ 35 ಎಂಬಿ, ಸೆಕೆಂಡಿಗೆ 24 ಫ್ರೇಮಿನಂತೆ ಸುಮಾರು 850 ಎಂಬಿ. ಹಳೆ ಬಗೆಯ ಸಾಟಾ ಎಸ್‌ಎಸ್‌ಡಿ ಕೊಡುವುದು ಹೆಚ್ಚೆಂದರೆ 550. ಕ್ಯಾಶ್ ಡಿಸ್ಕಿನ ಮೇಲೆ ದಿನವಿಡೀ ಬರೆಯುತ್ತಲೇ ಇರುತ್ತದೆ, ಹಾಗಾಗಿ ಅಗ್ಗದ ಕ್ಯೂಎಲ್‌ಸಿ ಬಗೆಯ ಎಸ್‌ಎಸ್‌ಡಿ ಬೇಡವೆಂದೆ. ಅವುಗಳಲ್ಲಿ ವೇಗದ ಭಾಗ ತುಂಬಿದ ಮೇಲೆ ಬರೆಯುವ ವೇಗ ಒಮ್ಮೆಲೇ ಕುಸಿಯುತ್ತದೆ. ಡಬ್ಬದ ಮೇಲಿನ ದೊಡ್ಡ ಅಂಕಿ ಇದನ್ನು ಹೇಳುವುದಿಲ್ಲ. ಮುಗಿದ ಪ್ರಾಜೆಕ್ಟುಗಳೆಲ್ಲ ಮಾಮೂಲಿ ಹಾರ್ಡ್ ಡಿಸ್ಕಿಗೆ, ಎರಡು ಕಾಪಿ.

ಮಾನಿಟರ್ ಬದಲಿಸಲಿಲ್ಲ. ಹಳೆಯದು ಎಸ್‌ಆರ್‌ಜಿಬಿ ಎಂಬ ಬಣ್ಣಗಳ ವ್ಯಾಪ್ತಿಯನ್ನು ಪೂರ್ತಿ ತೋರಿಸುತ್ತದೆ, ಟಿವಿ ಕೆಲಸಕ್ಕೆ ಧಾರಾಳ ಸಾಕು.

ಯುಪಿಎಸ್ ಮಾತ್ರ ದೊಡ್ಡದೇ ಬೇಕಾಯಿತು. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವಾಟ್. ಪ್ರೊಸೆಸರ್ ಮತ್ತು ಕಾರ್ಡ್ ಒಟ್ಟಿಗೆ ರೆಂಡರಿಗೆ ಕೂತರೆ ಅದು ಕಿರುಚಿ ಆಫ್ ಆಗುತ್ತದೆ. ಎಷ್ಟು ದೊಡ್ಡ ಯುಪಿಎಸ್ ಇದ್ದರೂ ರಾತ್ರಿಯ ರೆಂಡರ್ ನಾನು ಮೂವಿ ಫೈಲಿಗೆ ಹಾಕುವುದಿಲ್ಲ, ಫ್ರೇಮಿಗೊಂದು ಚಿತ್ರದ ಫೈಲ್ ಬರುವ ಇಮೇಜ್ ಸೀಕ್ವೆನ್ಸ್‌ಗೇ ಹಾಕುತ್ತೇನೆ. ನಡುರಾತ್ರಿ ಕರೆಂಟ್ ಹೋದರೂ ಬೆಳಿಗ್ಗೆ ನಿಂತ ಫ್ರೇಮಿನಿಂದ ಮುಂದುವರಿಸಬಹುದು.

ಬಿಲ್ಲಿಲ್ಲದೆ ಕೊಂಡರೆ ಸ್ವಲ್ಪ ಕಡಿಮೆ ಮಾಡ್ತೀವಿ ಎನ್ನುವ ಮಾತು ಬಂದೇ ಬರುತ್ತದೆ. ಜಿಎಸ್‌ಟಿ ನೋಂದಣಿ ಇದ್ದವರಿಗೆ ಕೊಳ್ಳುವಾಗ ಕೊಟ್ಟ 18 ಶೇಕಡಾ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಆ ರಿಯಾಯಿತಿಗಿಂತ ಇದು ಜಾಸ್ತಿ. ನೋಂದಣಿ ಇಲ್ಲದವರೂ ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಸೆಂಬಲ್ ಮಾಡಿಸಿದ ಮಷೀನಿಗೆ ಒಟ್ಟಾಗಿ ವಾರಂಟಿ ಇರುವುದಿಲ್ಲ. ಒಂದೊಂದು ಭಾಗಕ್ಕೆ ಒಂದೊಂದು ಕಂಪನಿ, ಒಂದೊಂದು ಅವಧಿ.