ಯುದ್ಧಕಾಲದ ಬ್ರಿಟನ್ ರೇಷನ್ನಲ್ಲಿ ನಮ್ಮನೇಲಿ ಒಂದು ವಾರ ಅಡುಗೆ ಮಾಡೋದು ಹೇಗೆ

ಎರಡನೇ ಮಹಾಯುದ್ಧ ಅಂದ್ರೆ ಮಕ್ಕಳಿಗೆ ಹಿಟ್ಲರ್, ಟ್ಯಾಂಕು, ಬಾಂಬು ಎಲ್ಲಾ ಗೊತ್ತು, ಆದ್ರೆ ಆಗ ಲಂಡನ್ನಲ್ಲಿ ಮನೆ ನಡೆಸ್ತಿದ್ದ ಹೆಂಗಸ್ರು ದಿನಾ ಒಲೆ ಮೇಲೆ ಏನಿಟ್ರು ಅಂತ ಯಾರೂ ಹೇಳಿಕೊಡಲ್ಲ. ಈ ಬೇಸಿಗೆ ರಜೇಲಿ ಒಂದು ವಾರ ಮಾಡಿ ನೋಡಿ. ತೂಕದ ಮಷೀನು, ಒಂದಷ್ಟು ಡಬ್ಬಿ ಇದ್ರೆ ಸಾಕು. ಬಸುರಿಯರು, ಪುಟ್ಟ ಮಕ್ಕಳು, ಶುಗರ್ ಇರೋರು ಮಾತ್ರ ಬೇಡ.

ರೇಷನ್ ಶುರುವಾಗಿದ್ದು 1940ರ ಜನವರಿ 8ಕ್ಕೆ, ಮೊದ್ಲು ಬೇಕನ್ (ಉಪ್ಪು ಹಾಕಿಟ್ಟ ಹಂದಿ ಮಾಂಸ), ಬೆಣ್ಣೆ, ಸಕ್ಕರೆ, ಆಮೇಲೆ ಒಂದೊಂದೇ ಸೇರ್ತಾ ಹೋಯ್ತು. ಅಳತೆ ಆಗಾಗ ಬದಲಾಗ್ತಿತ್ತು, ಸಾಮಾನ್ಯವಾಗಿ ದೊಡ್ಡೋರೊಬ್ಬರಿಗೆ ವಾರಕ್ಕೆ ಸಕ್ಕರೆ 227 ಗ್ರಾಂ, ಬೆಣ್ಣೆ 57, ಬೆಣ್ಣೆ ಬದಲು ಬಳಸೋ ಮಾರ್ಗರೀನ್ 113, ಅಡುಗೆ ಕೊಬ್ಬು 57, ಟೀಪುಡಿ 57, ಚೀಸ್ 57, ಮೊಟ್ಟೆ ಒಂದೇ ಒಂದು, ಹಾಲು ಸುಮಾರು 1.7 ಲೀಟರ್, ಅಂದ್ರೆ ನಂದಿನಿ ಅರ್ಧ ಲೀಟರ್ ಪ್ಯಾಕೆಟ್ ಮೂರು, ಮೇಲೊಂದು ಲೋಟ. ಭಾನುವಾರ ಬೆಳಗ್ಗೆ ಎಲ್ಲಾ ತೂಗಿ, ಒಬ್ಬೊಬ್ಬರದ್ದು ಬೇರೆ ಬೇರೆ ಡಬ್ಬಿಗೆ ಹಾಕಿ ಹೆಸರು ಬರೀರಿ. ಒಟ್ಟಿಗೆ ಸುರಿದುಬಿಟ್ರೆ ಇದರ ಜೀವಾಳನೇ ಹೋಗುತ್ತೆ, ಯಾಕಂದ್ರೆ ಸಾಹುಕಾರನಿಗೂ ಕೂಲಿಯವನಿಗೂ ಮೂಲ ಪಾಲು ಒಂದೇ ಅನ್ನೋದು ಅಲ್ಲಿನ ನಿಯಮ, ಮಕ್ಕಳಿಗೆ ಬಸುರಿಯರಿಗೆ ಮಾತ್ರ ಹಾಲು ಮುಂತಾದ್ದು ಮೊದಲು.

ಮಾಂಸ ತಿನ್ನದೋರಿಗೂ ದಾರಿ ಇತ್ತು, ಮಾಂಸದ ಪಾಲು ಬಿಟ್ಟುಕೊಟ್ರೆ ಚೀಸ್ ಜಾಸ್ತಿ ಸಿಗ್ತಿತ್ತು, ನಾವು ಆ ಜಾಗಕ್ಕೆ ಪನೀರ್ ಹಾಕ್ಕೊಂಡ್ರೆ ತಪ್ಪೇನಿಲ್ಲ ಅನ್ಸುತ್ತೆ. ನಿಜವಾದ ಕಷ್ಟ ಅಕ್ಕಿ ಬೇಳೇದು. 1942ರಿಂದ ಅವೆರಡೂ ಪಾಯಿಂಟ್ಸ್ ಲೆಕ್ಕಕ್ಕೆ ಬಂದ್ವು, ಅಂದ್ರೆ ಒಂದೊಂದು ಸಾಮಾನಿಗೂ ಇಷ್ಟು ಪಾಯಿಂಟ್ಸ್ ಅಂತ ಇರ್ತಿತ್ತು, ತಿಂಗಳಿಗೆ ಕೊಡ್ತಿದ್ದ ಪಾಯಿಂಟ್ಸಲ್ಲೇ ಡಬ್ಬಿ ತಿನಿಸು ಕೂಡ ತಗೋಬೇಕಿತ್ತು. ಹಾಗಾಗಿ ವಾರಕ್ಕೆ ಎರಡೇ ದಿನ ಅನ್ನ ಸಾರು ಅಂತ ಇಟ್ಕೊಳ್ಳಿ, ಇದು ನನ್ನ ಲೆಕ್ಕ. ಮಿಕ್ಕ ದಿನ ಆಲೂಗಡ್ಡೆ ಮತ್ತೆ ಬ್ರೆಡ್ಡು, ಯುದ್ಧ ನಡೀತಿದ್ದಾಗ ಇವೆರಡಕ್ಕೂ ರೇಷನ್ ಇರ್ಲಿಲ್ಲ. ಬಿಳಿ ಬ್ರೆಡ್ ಮಾತ್ರ ತರಬೇಡಿ, 1942ರಿಂದ ಅಲ್ಲಿ ಸಿಗ್ತಿದ್ದಿದ್ದು ಹೊಟ್ಟು ಉಳಿಸಿಕೊಂಡ ಕಂದು ಬಣ್ಣದ ನ್ಯಾಷನಲ್ ಲೋಫ್, ಅದಕ್ಕೆ ಗೋಧಿ ಬ್ರೆಡ್ಡೇ ಹತ್ತಿರ.

ತರಕಾರಿ ಎಷ್ಟು ಬೇಕಾದ್ರೂ ತನ್ನಿ, ಕೆ.ಆರ್. ಮಾರ್ಕೆಟ್ಟಾದ್ರೂ ಸರಿ ಹಾಪ್‌ಕಾಮ್ಸ್ ಆದ್ರೂ ಸರಿ, ಕ್ಯಾರೆಟ್, ಕೋಸು, ಬೀಟ್‌ರೂಟ್. ಈರುಳ್ಳಿ ಬೇಡ. ಈರುಳ್ಳಿ ಬರ್ತಿದ್ದ ಫ್ರಾನ್ಸಿನ ಬ್ರಿಟನಿ, ಚಾನೆಲ್ ದ್ವೀಪಗಳು 1940ರಲ್ಲಿ ಜರ್ಮನ್ನರ ಕೈ ಸೇರಿದ್ಮೇಲೆ ಅಲ್ಲಿ ಈರುಳ್ಳಿ ಸಿಗೋದೇ ಅಪರೂಪ ಆಗೋಯ್ತು.

ಕಾಫಿ ಕುಡಿಯೋರಿಗೆ ಖುಷಿ ಸುದ್ದಿ, ಕಾಫಿಗೆ ರೇಷನ್ ಇರ್ಲಿಲ್ಲ. ಆದ್ರೆ ಹಾಲು ಸಕ್ಕರೆ ಅಳತೇಲೇ ಬರ್ಬೇಕಲ್ವಾ, ನಮ್ಮ ಫಿಲ್ಟರ್ ಕಾಫಿಗೆ ಬೇಕಾಗೋ ಹಾಲಿಗೆ ಬುಧವಾರದ ಹೊತ್ತಿಗೆ ಡಬ್ಬಿ ಖಾಲಿ, ಅದಕ್ಕೇ ಬೆಳಗ್ಗೆ ಒಂದೇ ಲೋಟ ಅಂತ ಮೊದಲ ದಿನಾನೇ ತೀರ್ಮಾನ ಮಾಡ್ಕೊಳ್ಳಿ.

ಒಂದು ರಾತ್ರಿಯಾದ್ರೂ ವುಲ್ಟನ್ ಪೈ ಮಾಡಿ, ಆಹಾರ ಮಂತ್ರಿ ಲಾರ್ಡ್ ವುಲ್ಟನ್ ಹೆಸರಿಂದು. ಆಲೂಗಡ್ಡೆ, ಕ್ಯಾರೆಟ್, ಹೂಕೋಸು ಹೆಚ್ಚಿ, ಅಲ್ಲಿನ ಸ್ವೀಡ್ ಗಡ್ಡೆ ಬದಲು ನವಿಲುಕೋಸು ಹಾಕಿ, ಒಂದು ಚಮಚ ಓಟ್ಸ್ ಜೊತೆ ಸ್ವಲ್ಪ ನೀರಲ್ಲಿ ಗಟ್ಟಿಯಾಗೋವರೆಗೂ ಬೇಯಿಸಿ, ಉಪ್ಪು ಹಾಕಿ. ಅಗಲವಾದ ಪಾತ್ರೆಗೆ ಹಾಕಿ ಮೇಲೆ ಕಿವುಚಿದ ಆಲೂಗಡ್ಡೆ ಹರಡಿ ಓವನ್ನಲ್ಲಿ ಕೆಂಪಗಾಗೋವರೆಗೂ ಇಡಿ. ಸಪ್ಪೆ ಇರುತ್ತೆ, ಮೆಣಸಿನ ಪುಡಿ ಉದುರಿಸಿಕೊಳ್ಳಿ.

ಊಟಕ್ಕೆ ಕೂತಾಗ ಮಕ್ಕಳಿಗೆ ಇನ್ನೊಂದು ವಿಷಯ ಖಂಡಿತ ಹೇಳಿ. ಅಲ್ಲಿ ಹೀಗೆ ಗ್ರಾಂ ಲೆಕ್ಕದಲ್ಲಿ ಸಮಪಾಲು ಹಂಚ್ತಿದ್ದಾಗಲೇ, ಅದೇ ಬ್ರಿಟಿಷರ ಆಳ್ವಿಕೇಲಿದ್ದ ಬಂಗಾಳದಲ್ಲಿ 1943ರ ಬರಗಾಲಕ್ಕೆ ಸುಮಾರು 30 ಲಕ್ಷ ಜನ ಸತ್ತರು ಅಂತ ಅಂದಾಜು. ಇದನ್ನ ಬಿಟ್ಟು ಅವರ ಶಿಸ್ತನ್ನ ಮಾತ್ರ ಹೊಗಳೋಕೆ ನನಗೆ ಮನಸ್ಸು ಬರಲ್ಲ.

ಮತ್ತೆ, ನೆಂಟರು ಬರದಿರೋ ವಾರ ನೋಡ್ಕೊಂಡು ಶುರು ಮಾಡಿ. ಅಲ್ಲಿ ಉಳ್ಕೊಳ್ಳೋಕೆ ಬರೋರು ತಮ್ಮ ರೇಷನ್ ಬುಕ್ಕು ಜೊತೇಲೇ ತರ್ತಿದ್ರು, ನಮ್ಮಲ್ಲಿ ಅತ್ತೆ ಮಾವಂಗೆ ಸಕ್ಕರೆ ತನ್ನಿ ಅನ್ನೋಕಾಗಲ್ಲ.